ಸರಾಸರಿ ಸಾಹೇಬರ ವರ್ಷಗಳು

ನದಿ ನೀರಿನ ಲೆಕ್ಕದ ಕಚೇರಿಯಲ್ಲಿ ಅವರಿಗೆ ಸರಾಸರಿ ಸಾಹೇಬರು ಎಂದೇ ಹೆಸರು. ಐವತ್ತು ವರ್ಷಗಳ ಮಳೆ ದಾಖಲೆಯಿಂದ ನದಿಯ ನಿಜಸ್ವಭಾವ ತೋರಿಸುವ ಹದಿನೈದು ವರ್ಷಗಳನ್ನು ಆರಿಸಿ ಕಂಪ್ಯೂಟರಿಗೆ ಉಣಿಸುವುದು ಅವರ ಕೆಲಸ. ಬೆಂಡೆಕಾಯಿಯ ತುದಿ ಮುರಿದು ನೋಡಿ ಕೊಳ್ಳುವವರೂ ಇಷ್ಟು ಸತಾಯಿಸುವುದಿಲ್ಲ. ಆರಿಸಿದ ಪಟ್ಟಿಯಲ್ಲಿ ನೆರೆಯ ವರ್ಷ ಹೆಚ್ಚಾದರೆ ಮುಖ ಸಿಂಡರಿಸುತ್ತಾರೆ, ಬರದ ವರ್ಷ ಕಡಿಮೆಯಾದರೆ ಮೂಗು ಮುರಿಯುತ್ತಾರೆ. "ಆ ಎರಡು ಬರದ ವರ್ಷ ಬಿಟ್ಬಿಡಿ, ವರದಿ ಚೆನ್ನಾಗಿ ಕಾಣುತ್ತೆ" ಎಂದು ಮೇಲಧಿಕಾರಿ ಅಂದರೆ, "ಡಾಕ್ಟರ ಹತ್ರ ಹೋಗಿ ಜ್ವರ ಬಂದ ದಿನಗಳನ್ನೇ ಮುಚ್ಚಿಡ್ತೀರಾ ಸಾರ್?" ಎಂದು ಕನ್ನಡಕ ಏರಿಸುತ್ತಾರೆ. ಈ ಚಟ ಕಚೇರಿಯ ಬಾಗಿಲಲ್ಲೇ ನಿಲ್ಲುವಂಥದ್ದಲ್ಲ. ಮಗಳ ಅಂಕಪಟ್ಟಿಗೆ ಸಹಿ ಹಾಕಬೇಕಾದರೆ ಹಿಂದಿನ ಆರು ವರ್ಷದ್ದೂ ಮುಂದಿರಬೇಕು. ಬೆಳಗಿನ ಕಾಲು ಬೇರೆ, ಸಂಜೆಯ ಕಾಲು ಬೇರೆ ಎಂದು ಚಪ್ಪಲಿಗೆ ಎರಡು ಸಲ ಅಳತೆ ಕೊಡುತ್ತಾರೆ. ಅವರ ತಲೆ ಕಂಡರೆ ಸಾಕು, ಅಂಗಡಿಯವನು ಶಟರ್ ಎಳೆಯುತ್ತಾನೆ. ರೋಸಿಹೋದ ಹೆಂಡತಿ ಒಂದು ದಿನ, "ನಮ್ಮ ಸಂಸಾರದಲ್ಲಿ ಯಾವ ವರ್ಷಗಳನ್ನ ಆರಿಸ್ತೀರಿ, ಹೇಳಿ ನೋಡೋಣ" ಎಂದು ಕೆಣಕಿದಳು. ಇವರ ಹಟಕ್ಕೆ ಮುನಿದು ತವರಿಗೆ ಹೋದವಳು ಹನ್ನೊಂದು ತಿಂಗಳು ಬಾರದ ವರ್ಷವೊಂದಿತ್ತು. ಮನೆಯಲ್ಲಿ ಯಾರೂ ಅದರ ಸುದ್ದಿ ಎತ್ತುತ್ತಿರಲಿಲ್ಲ. ಸಾಹೇಬರು ಬೆರಳು ಮಡಚಿ, ಸರಿಯಾಗಿ ಆ ವರ್ಷದಿಂದಲೇ ಎಣಿಸತೊಡಗಿದರು. "ಅದನ್ಯಾಕೆ ಸೇರಿಸ್ತೀರಿ?" ಎಂದಳು, ದನಿ ತಗ್ಗಿಸಿ. "ಅದನ್ನ ಬಿಟ್ರೆ, ನೀನಿಲ್ಲದ ಮನೆ ಹೇಗಿರುತ್ತೆ ಅನ್ನೋದು ಲೆಕ್ಕದಲ್ಲೇ ಬರಲ್ಲ ಕಣೇ."