ಹಾಸಿಗೆ ನೋಡಲು ಬಂದ ಸಾವಿರಾರು ಜನ

ಹೊಸ ದಿಂಬು ತರಿಸಿದ್ದೇನೆ. ಚೀಲ ಬಿಚ್ಚಿ ಮೂಸಿದರೆ ಹತ್ತಿಯ ವಾಸನೆಯೇ ಇಲ್ಲ. ದಿಂಬು ಮೂಸುವವನು ಎಂಥ ಮನುಷ್ಯ ಎಂದು ನೀವು ನಗಬಹುದು, ನಗಿ. ಹತ್ತಿಯ ವಾಸನೆ ಬಂದರೆ ನನಗೆ ಮುಳಬಾಗಿಲಿನ ಕರೀಂ ಸಾಬರು ನೆನಪಾಗುತ್ತಾರೆ, ತಲೆ ತಾನಾಗಿ ತಗ್ಗುತ್ತದೆ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಬಸ್ ನಿಲ್ದಾಣದ ಹಿಂದೆ ನನ್ನದೊಂದು ಬ್ರೌಸಿಂಗ್ ಸೆಂಟರ್ ಇತ್ತು. ಬೋರ್ಡಿನಲ್ಲಿ ‘ವೆಬ್ ಡಿಸೈನರ್’ ಎಂದೂ ಬರೆಸಿಕೊಂಡಿದ್ದೆ. ನನ್ನ ಡಿಸೈನ್ ಎಂದರೆ ಯಾರದೋ ಚೆಂದದ ವೆಬ್‌ಸೈಟನ್ನು ಇಡಿಯಾಗಿ ಇಳಿಸಿಕೊಂಡು ಹೆಸರು, ಫೋಟೊ ಬದಲಿಸುವುದು. ಎಲ್ಲರೂ ನೋಡಿಯೇ ಕಲಿಯುವುದಲ್ಲವೇ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅದು ನಿಜವೂ ಹೌದು. ಆದರೆ ನೋಡಿ ಕಲಿಯುವುದಕ್ಕೂ ಎತ್ತಿಕೊಂಡು ಬರುವುದಕ್ಕೂ ನಡುವಿನ ಗೆರೆ ನನಗೆ ಬೇಕಾದಾಗಲೆಲ್ಲ ಅಳಿಸಿಹೋಗುತ್ತಿತ್ತು.

ಎದುರಿನ ಹಾಸಿಗೆ ಅಂಗಡಿ ಕರೀಂ ಸಾಬರದು. ಅವರಿಗೂ ಒಂದು ಸೈಟು ಮಾಡಿಕೊಟ್ಟೆ, ಹೊರದೇಶದ ಮಂಚದ ಅಂಗಡಿಯೊಂದರಿಂದ ಎತ್ತಿದ್ದು. ಅದರ ಕೆಳಗೆ ನೋಡಿದವರನ್ನು ಎಣಿಸುವ ಪುಟ್ಟ ಕೌಂಟರ್ ಇತ್ತು. ಲಕ್ಷಣವಾಗಿ ಕಂಡಿತು, ಹಾಗೇ ಬಿಟ್ಟೆ. ಅದು ಎಣಿಸುತ್ತಿದ್ದುದು ಆ ಮೂಲ ಅಂಗಡಿಯ ಸೈಟು ನೋಡಿದವರನ್ನು ಎಂದು ನನ್ನ ಘನ ಬುದ್ಧಿಗೆ ಹೊಳೆಯಲೇ ಇಲ್ಲ.

ಸಾಬರು ದಿನಾ ಬೆಳಿಗ್ಗೆ ಹುಬ್ಬಿನ ಮೇಲೆ ಹತ್ತಿಯ ಎಳೆ ಹೊತ್ತು ಬಂದು ಆ ಅಂಕಿ ನೋಡುತ್ತಿದ್ದರು. ಬರುವವರು ಕೂರಲೆಂದು ಅಂಗಡಿ ಮುಂದೆ ಬೆಂಚು ಹಾಕಿಸಿದರು. ಬರುಬರುತ್ತಾ ಮಂಕಾದರು. ಒಂದು ಸಂಜೆ ನೋಡಿದರೆ, ಹೊಸ ಹಾಸಿಗೆಯ ಹೊಲಿಗೆ ಬಿಚ್ಚುತ್ತಾ ಕೂತಿದ್ದಾರೆ.

“ಏನ್ ಸಾಬ್ರೇ, ಹೊಸದನ್ನ ಬಿಚ್ತಾ ಇದ್ದೀರಾ?”

“ಅಷ್ಟು ಸಾವಿರ ಜನ ನೋಡವ್ರೆ ಕಣಪ್ಪಾ. ಒಬ್ರೂ ಬಂದು ತಗೊಳ್ಳಿಲ್ಲ. ನನ್ನ ಕೈಯಲ್ಲೇ ಏನೋ ಐಬು ಐತೆ.”

ಓಡಿಹೋಗಿ ಸೈಟಿನ ಒಳಗನ್ನು ಬಗೆದು ನೋಡಿದಾಗ ವಿಷಯ ತಿಳಿಯಿತು. ಆಗಲಾದರೂ ಹೇಳಬೇಕಿತ್ತು. ನಾನು ಮಾಡಿದ್ದು ಸದ್ದಿಲ್ಲದೆ ಕೌಂಟರನ್ನು ಕಿತ್ತುಹಾಕಿದ್ದು.

ಮರುದಿನ ಸಾಬರು ಪರದೆಯ ಮೇಲೆಲ್ಲ ಹುಡುಕಿದರು. “ನಂಬರ್ ಎಲ್ಲೋಯ್ತಪ್ಪಾ? ಈಗ ನೋಡೋದೂ ಬಿಟ್ಬುಟ್ರಾ?”

ಆ ಮುಖ ನೋಡಲಾಗದೆ ಬಾಯಿಬಿಟ್ಟೆ. “ಅದು ನಿಮ್ಮ ಅಂಗಡೀದಲ್ಲ ಸಾಬ್ರೇ. ಬೇರೆಯೋರ್ದು. ನಾನು ಕದ್ದಿದ್ದು.”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಕೇಳಿದ್ದು ಇಷ್ಟೇ: “ಹಂಗಾರೆ ನನ್ನ ಹಾಸಿಗೇನ ಯಾರೂ ಬೇಡ ಅಂದಿಲ್ಲ, ಅಲ್ವಾ?”

“ಇಲ್ಲ ಸಾಬ್ರೇ.”

ಎದ್ದು ಹೋದರು. ಬಿಚ್ಚಿದ್ದನ್ನು ಮತ್ತೆ ಹೊಲಿಯತೊಡಗಿದರು.

ಈಗ ಯಾರಿಂದ ಏನು ತೆಗೆದುಕೊಂಡರೂ ಕೇಳಿ ತೆಗೆದುಕೊಳ್ಳುತ್ತೇನೆ, ಪುಟದ ಕೆಳಗೆ ಅವರ ಹೆಸರು ಹಾಕುತ್ತೇನೆ. ಅದರಿಂದ ನಾಚಿಕೆಯೇನೂ ಕಡಿಮೆಯಾಗಿಲ್ಲ. ನನ್ನ ಮದುವೆಗೆ ಸಾಬರು ಕೊಟ್ಟ ದಿಂಬಿಗೆ ಇದುವರೆಗೆ ತಲೆ ಕೊಡಲಾಗದೆ ಅಟ್ಟದ ಮೇಲಿಟ್ಟಿದ್ದೆ. ಇವತ್ತು ಹೊಸದನ್ನು ಪಕ್ಕಕ್ಕಿಟ್ಟು ಅದನ್ನು ಇಳಿಸಿ ಬಿಸಿಲಿಗೆ ಹಾಕಿದೆ. ಅಂಚನ್ನೆಲ್ಲ ಬೆರಳಾಡಿಸಿ ನೋಡಿದೆ. ಇಷ್ಟು ವರ್ಷವಾದರೂ ಒಂದು ಹೊಲಿಗೆ ಬಿಟ್ಟಿಲ್ಲ. ಇದನ್ನು ಹೊಲಿದ ಕೈಯಲ್ಲಿ ಐಬಿದೆಯೆಂದು ಅವರೇ ನಂಬುವಂತೆ ಮಾಡಿದವನು ನಾನು.