ಆನೆ ಸರ್ಕಾರದ್ದು, ರಾಗಿ ನಿಮ್ಮದು

ದಸರೆಗೆ ಮೈಸೂರಿನಲ್ಲಿ ಸೇರುವ ಪ್ರಜಾಪ್ರತಿನಿಧಿ ಸಭೆಗೆ ನಮ್ಮ ಹೆಗ್ಗಡದೇವನಕೋಟೆಯಿಂದ ನಾನು ಸದಸ್ಯ. ನನ್ನ ಜಾಗ ಕಟ್ಟಕಡೆಯ ಸಾಲು. ಅಲ್ಲಿಂದ ದಿವಾನರ ಪೇಟದ ತುದಿ ಕಂಡರೆ ಅದೇ ಭಾಗ್ಯ. ಅಲ್ಲಿ ನಾನು ಬಾಯಿಬಿಟ್ಟದ್ದು ಒಂದೇ ಸಲ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಕಾಡಾನೆಗಳು ತೆನೆ ಕಟ್ಟಿದ ರಾಗಿ ಹೊಲಕ್ಕೆ ನುಗ್ಗುತ್ತವೆ, ಹೆದರಿಸಿ ಓಡಿಸೋಕೆ ಊರಿಗೊಂದು ಬಂದೂಕಾದರೂ ಕೊಡಿ ಅಂತ ಕೇಳಿದೆ. ಅಷ್ಟೇ. ಅಧಿಕಾರಿಯೊಬ್ಬರು ಎದ್ದು ನಿಂತು, "ಆನೆ ಸರ್ಕಾರದ್ದು. ಅದರ ಮೇಲೆ ಬಂದೂಕು ಎತ್ತುವ ಹಾಗಿಲ್ಲ. ರಾಗಿ ನಿಮ್ಮದು. ನಿಮ್ಮದನ್ನು ನೀವು ಕಾಯ್ದುಕೊಳ್ಳಿ" ಅಂದರು.

"ಹಂಗಾದ್ರೆ ಕಂದಾಯ ಯಾರ್ದು ಬುದ್ಧೀ?" ಅಂದೆ.

ಮುಂದಿನ ಸಾಲಿನ ವಕೀಲರೆಲ್ಲ ಗೊಳ್ಳೆಂದು ನಕ್ಕರು. "ವಿಷಯ ಬಿಟ್ಟು ಮಾತಾಡಬೇಡಿ, ಕೂತುಕೊಳ್ಳಿ" ಅಂದರು ಅಧಿಕಾರಿ. ಪಕ್ಕದಲ್ಲಿದ್ದ ಹುಣಸೂರಿನ ಸದಸ್ಯರು ನನ್ನ ಕೋಟು ಹಿಡಿದು ಎಳೆದು, "ಕುಂತ್ಕಳಿ ಗೌಡ್ರೇ, ಅತ್ಲಾಗೆ ಬುಡಿ" ಅಂದರು. ಕೂತೆ. ಹಲ್ಲು ಕಚ್ಚಿಕೊಂಡು ಕೂತೆ.

ಸಂಜೆ ಹೊರಗೆ ಬಂದರೆ ಅರಮನೆಯ ಆನೆಯೊಂದು ದಸರಾ ಸಿಂಗಾರದಲ್ಲಿ ಎದುರಿಗೇ ಬಂತು. ಜನ ದಾರಿ ಬಿಟ್ಟು ಕೈ ಮುಗಿದರು. "ಕಾಕನಕೋಟೆ ಕಾಡಲ್ಲಿ ಹಿಡಿದದ್ದಂತೆ. ನಿಮ್ ಕಡೇದೇ ಕಣ್ರೀ, ಕೈ ಮುಗೀರಿ" ಅಂದರು ಹುಣಸೂರಿನವರು.

ನಾನು ಮುಗಿಯಲಿಲ್ಲ. ನಮ್ಮ ತಾಲ್ಲೂಕಿನಿಂದ ಮೈಸೂರಿಗೆ ಇಬ್ಬರು ಬಂದಿದ್ದೆವು. ರಾಗಿ ಬೆಳೆದವನನ್ನು ಕೂರಿಸಿದರು, ರಾಗಿ ತಿಂದವನಿಗೆ ಜರಿ ಹೊದಿಸಿ ಮೆರೆಸಿದರು.