ಆಕಾರವಿಲ್ಲದ ಪ್ರೋಟೀನು

ನಾಗವೇಣಿ, ನಿನ್ನ ಪ್ರೋಗ್ರಾಂ ಸರಿಯಾಗಿತ್ತು. ತಪ್ಪಿದ್ದು ನಿನ್ನ ಮೇಷ್ಟ್ರಾದ ನಾನು. ಅದು ನನಗೆ ತಿಂಗಳೊಳಗೇ ಗೊತ್ತಾಗಿತ್ತು — ಗೊತ್ತಾಗಿಯೂ ಬಾಯಿ ಬಿಡಲಿಲ್ಲ. ಹದಿನೆಂಟು ವರ್ಷವಾಯಿತು.

ಆ ದಿನಗಳು ಇನ್ನೂ ಕಣ್ಣಿಗೆ ಕಟ್ಟಿದಂತಿವೆ. ಹೊಸಪೇಟೆಯ ರಸ್ತೆ ತುಂಬಾ ಸಂಡೂರಿನ ಅದಿರು ಲಾರಿಗಳು. ಅದರ ಧೂಳಿಗೆ ಗಿಡದೆಲೆಯೂ ಕೆಂಪು, ನನ್ನ ಬಿಳಿ ಅಂಗಿಯ ಕಾಲರೂ ಕೆಂಪು. ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಚಪ್ಪಲಿ ಹೊರಗೆ ಬಿಟ್ಟೇ ಬರಬೇಕು. ಶನಿವಾರಕ್ಕೊಮ್ಮೆ ನೀವೆಲ್ಲ ಕಂಪ್ಯೂಟರಿನ ಹೊದಿಕೆಗಳನ್ನು ನಲ್ಲಿಯ ಕೆಳಗೆ ಒಗೆಯುತ್ತಾ ಒಬ್ಬರಿಗೊಬ್ಬರು ನೀರು ಎರಚುತ್ತಿದ್ದಿರಿ. ನಾನು ಗದರುತ್ತಿದ್ದೆ, ಒಳಗೊಳಗೇ ಖುಷಿಪಡುತ್ತಿದ್ದೆ. ಬಯೋಟೆಕ್ನಾಲಜಿ ಬಿ.ಎಸ್ಸಿ. ಆಗ ಹೊಸತು. ಪಾಠ ಮಾಡುವ ನನಗೂ ಹೊಸತು — ಅದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಹುಡುಗರಲ್ಲಿ ಅರ್ಧ ಜನ ಅದಿರು ಸಾಗಿಸಲು ಸ್ವಂತ ಲಾರಿ ಕೊಳ್ಳುವ ಕನಸಿನಲ್ಲಿದ್ದರು. ನೀನು ನಿಮ್ಮೂರು ಮೆಟ್ರಿಯ ಬಸ್ಸಿಳಿದು ನೇರ ಲ್ಯಾಬಿಗೆ ಬರುತ್ತಿದ್ದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯವನ್ನೂ ನೀನೇ ಆರಿಸಿಕೊಂಡೆ. ಪ್ರೋಟೀನು ಒಂದು ಮಣಿಸರ. ತನ್ನಷ್ಟಕ್ಕೆ ತಾನೇ ಮಡಚಿಕೊಂಡು ಆಕಾರ ಪಡೆಯುತ್ತದೆ. ಕೆಲವು ಭಾಗ ಮಾತ್ರ ಮಡಚಿಕೊಳ್ಳದೆ ಸಡಿಲವಾಗಿಯೇ ಉಳಿಯುತ್ತದೆ. ಅದು ಯಾವ ಭಾಗ ಎಂದು ಮಣಿಗಳ ಸಾಲು ನೋಡಿಯೇ ಹೇಳುವ ಪ್ರೋಗ್ರಾಂ ನಿನ್ನದು. ನಿಮ್ಮೂರಿನ ಭತ್ತವನ್ನೇ ತೆಗೆದುಕೊಂಡೆ — ನೀರು ಸಾಲದಾಗ ಗಿಡದಲ್ಲಿ ಹುಟ್ಟುವ ಒಂದು ಪ್ರೋಟೀನು. ಅದಕ್ಕೆ ಆಕಾರವೇ ಇಲ್ಲ, ಈ ತುದಿಯಿಂದ ಆ ತುದಿಯವರೆಗೂ ಸಡಿಲ ಎಂದಿತು ನಿನ್ನ ಪ್ರೋಗ್ರಾಂ.

ಎಷ್ಟು ಹಿಗ್ಗಿ ಓಡಿಬಂದೆ ನೀನು! ನಾನು ಓದಿದ ಪುಸ್ತಕದಲ್ಲಿ, ಆಕಾರವಿಲ್ಲದ ಪ್ರೋಟೀನು ಕೆಲಸಕ್ಕೇ ಬಾರದು. "ಹಿಂಗೂ ಇರ್ತಾವಂತ್ರಿ ಸರ್, ನೆಟ್ಟಿನ್ಯಾಗ ಓದೀನ್ರಿ," ಎಂದೆ ನೀನು. ಇಡೀ ಕ್ಲಾಸು ನನ್ನ ಮುಖ ನೋಡುತ್ತಿತ್ತು. ಗೊತ್ತಿಲ್ಲ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ, ಗೇಲಿಗೆ ಹೊರಳಿತು.

"ನಿನ್ನ ಪ್ರೋಗ್ರಾಂಗೂ ಮೈನ್ಸ್ ಧೂಳು ಹೊಕ್ಕೈತಿ ನೋಡವ್ವ. ಝಾಡಿಸ್ಕೊಂಡ್ ಬಾ, ಹೋಗು!"

ಎಲ್ಲರೂ ನಕ್ಕರು. ನೀನೂ ನಕ್ಕೆ — ಕಣ್ಣು ತುಂಬಿಕೊಂಡು ನಕ್ಕೆ. ಆಮೇಲೆ ನಾನು ಹೇಳಿದಂತೆ, ಎಷ್ಟಿದ್ದರೆ ಸಡಿಲ ಎನ್ನಬೇಕೆಂಬ ಮಿತಿಯನ್ನು ನೀನು ಪ್ರೋಗ್ರಾಮಿನಲ್ಲಿ ಬದಲಾಯಿಸಿದೆ. ಗ್ರಾಫು ನನ್ನ ಪುಸ್ತಕಕ್ಕೆ ಒಪ್ಪುವ ಹಾಗೆ ಬಂತು.

ತಿಂಗಳೊಳಗೆ ನಾನು ಅಧ್ಯಾಪಕರ ತರಬೇತಿಗೆ ಹೋದೆ. ಅಲ್ಲಿ ಪರದೆಯ ಮೇಲೆ ಅದೇ ಬಗೆಯ ಪ್ರೋಟೀನು, ನೀನು ಹೇಳಿದ್ದೇ ಮಾತು. ಆಕಾರವಿಲ್ಲ, ಆದರೂ ಒಣಗುವ ಗಿಡವನ್ನು ಕಾಯುತ್ತದೆ. ವಾಪಸು ಬರುವಾಗ ಬಸ್ಸು ತೋರಣಗಲ್ಲು ದಾಟುವವರೆಗೂ ನಿನಗೆ ಹೇಳಬೇಕಾದ ಮಾತನ್ನು ಜೋಡಿಸುತ್ತಲೇ ಇದ್ದೆ. ಮರುದಿನ ನೀನು ಎದುರಾದಾಗ ಬಾಯಿಂದ ಬಂದದ್ದು — "ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗ್ ಆತೇನವ್ವ?"

"ಆತ್ರಿ ಸರ್."

ಅಷ್ಟೇ. ನೀನು ಪಾಸಾದೆ, ಎಂ.ಎಸ್ಸಿ.ಗೆ ಅರ್ಜಿ ಹಾಕಲೇ ಇಲ್ಲ. ಮನೆಯಲ್ಲಿ ಒಪ್ಪಿರಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಕಳೆದ ವಾರ ಕಂಪ್ಲಿ ಬಸ್ ನಿಲ್ದಾಣದಲ್ಲಿ ನೀನೇ ನನ್ನ ಗುರುತು ಹಿಡಿದೆ. ಮಗಳ ಕೈಯಿಂದ ನಮಸ್ಕಾರ ಮಾಡಿಸಿದೆ. ಹತ್ತನೇ ತರಗತಿ ಮುಗಿಸಿದ ಅವಳಿಗೆ ಸೈನ್ಸ್ ಓದುವ ಆಸೆ, ನಿನಗೆ ಅಂಜಿಕೆ.

"ನಮಗ ಅಷ್ಟು ತಲಿ ಇಲ್ರಿ ಸರ್. ಮನ್ಯಾಗ ಮುಂದ ಓದು ಅಂದಿದ್ರು, ನಾನ ಬ್ಯಾಡ ಅಂದೆ. ಪ್ರೋಗ್ರಾಂ ತಪ್ಪು ಮಾಡಿದ್ದೆ, ನೀವ ತಿದ್ದಿದ್ರಿ — ನೆನಪೈತೇನ್ರಿ?"

ನೆನಪಿದೆ ಎಂದೆ. ಮತ್ತೆ ಅಷ್ಟೇ ಅಂದೆ, ನಾಗವೇಣಿ! ಬಸ್ಸು ಬಂತು, ಹತ್ತಿಬಿಟ್ಟೆ. ಛೇ, ಎಂಥ ಹೇಡಿ ನಾನು.

ಭಾನುವಾರ ಮೆಟ್ರಿಗೆ ಬರುತ್ತೇನೆ. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ, ಅದಕ್ಕಾಗಿ ಬರುತ್ತಲೂ ಇಲ್ಲ. ಮಗಳನ್ನು ಎದುರಿಗೆ ಕೂರಿಸು. ಅವಳಿಗೆ ಹೇಳಬೇಕು — ನಿಮ್ಮವ್ವ ಸರಿಯಾಗಿಯೇ ಕಂಡುಹಿಡಿದಿದ್ದಳು. ಆ ದಿನ ಲ್ಯಾಬಿನಲ್ಲಿ ಏನೂ ತಿಳಿಯದೆ ನಿಂತಿದ್ದವನು ನಾನು.